ಕೀಲಿಮಣೆ ಕೊಟ್ಟು ನೋಡಿ, ಗೋಡೆಗೆ ನಿಲ್ಲಿಸಬೇಡಿ!



ಬಡಗಿಯನ್ನು ಕೆಲಸಕ್ಕೆ ಕರೆದವನು ಅವನ ಕೈಗೆ ಉಳಿ ಕೊಟ್ಟು ನೋಡುತ್ತಾನೆ. ಮದುವೆಗೆ ಅಡುಗೆ ಭಟ್ಟರನ್ನು ಗೊತ್ತು ಮಾಡುವವನು ಅವರ ಕೈಯ ಸಾರು ಉಂಡು ನೋಡುತ್ತಾನೆ. ಡ್ರೈವರ್ ಬೇಕೆಂದವನು ಕೀ ಕೊಟ್ಟು ಮೇಖ್ರಿ ಸರ್ಕಲ್ಲಿನ ಒಂದು ಸುತ್ತು ಹೊಡೆಸುತ್ತಾನೆ. ಅಜ್ಜ ಮುತ್ತಜ್ಜರ ಕಾಲದ ಬುದ್ಧಿ ಇದು. ಕೆಲಸ ಬರುತ್ತದೆಯೇ ಎಂದು ತಿಳಿಯಬೇಕಾದರೆ ಕೆಲಸ ಮಾಡಿಸಿಯೇ ನೋಡಬೇಕು.

ಆದರೆ ಇದೇ ಬೆಂಗಳೂರಿನಲ್ಲಿ, ಜಗತ್ತಿಗೇ ಬುದ್ಧಿ ಮಾರುತ್ತೇವೆಂದು ಬೀಗುವ ಸಾಫ್ಟ್‌ವೇರ್ ಕಂಪನಿಗಳಲ್ಲಿ, ಪ್ರೋಗ್ರಾಂ ಬರೆಯುವ ಹುಡುಗನನ್ನು ಆರಿಸುವ ರೀತಿ ಗೊತ್ತೇ? ಅವನನ್ನು ಒಂದು ಬಿಳಿ ಹಲಗೆಯ ಮುಂದೆ ನಿಲ್ಲಿಸುತ್ತಾರೆ. ಕೈಗೆ ಮಾರ್ಕರ್ ಪೆನ್ನು ಕೊಡುತ್ತಾರೆ. ಎದುರಿಗೆ ಇಬ್ಬರು ಮೂವರು ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಾರೆ. ಆ ಕೆಲಸಕ್ಕೆ ಸೇರಿದ ಮೇಲೆ ಜೀವಮಾನದಲ್ಲಿ ಒಮ್ಮೆಯೂ ಎದುರಾಗದ ಒಂದು ಒಗಟನ್ನು ಎಸೆಯುತ್ತಾರೆ. ಆಮೇಲೆ ಅಪ್ಪಣೆ: "ತಲೆಯಲ್ಲಿ ಏನು ಓಡುತ್ತಿದೆಯೋ ಅದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಬರೆ. ಇಂಗ್ಲಿಷಿನಲ್ಲಿ ಹೇಳು!"

ಇದನ್ನು ಕೇಳಲು ನೀನ್ಯಾರಯ್ಯ ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಓದಿದ್ದು ಪಿ.ಯು.ಸಿ. ಹೊಟ್ಟೆಪಾಡಿಗೆ ಗಂಗಾನಗರದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ರಾಜ್ಯೋತ್ಸವದ ಕರಪತ್ರ, ಇಷ್ಟೇ ನನ್ನ ಪ್ರಪಂಚ. ಆದರೆ ನಮ್ಮ ಬಡಾವಣೆ ಇರುವ ಜಾಗ ನೋಡಿ. ಮಗ್ಗುಲಲ್ಲೇ ಬಳ್ಳಾರಿ ರಸ್ತೆ, ಆಚೆಗೆ ಹೆಬ್ಬಾಳ, ಈಚೆಗೆ ಆರ್.ಟಿ. ನಗರ, ಇನ್ನಷ್ಟು ದೂರ ಹೋದರೆ ನಾಗವಾರದ ಮಾನ್ಯತಾ ಟೆಕ್ ಪಾರ್ಕ್. ತುಮಕೂರು, ಚಿತ್ರದುರ್ಗ, ರಾಯಚೂರು, ಹಾವೇರಿ ಕಡೆಯಿಂದ ಬಂದ ಹುಡುಗ ಹುಡುಗಿಯರು ಇಲ್ಲಿನ ಪಿ.ಜಿ.ಗಳಲ್ಲಿ ಒಂದು ಕೋಣೆಗೆ ನಾಲ್ಕು ಜನರಂತೆ ತುಂಬಿಕೊಂಡಿದ್ದಾರೆ. ಸಂದರ್ಶನದ ಹಿಂದಿನ ಸಂಜೆ ಬಯೋಡೇಟಾ ಪ್ರಿಂಟು ತೆಗೆಸಲು ನನ್ನ ಅಂಗಡಿಗೇ ಬರುತ್ತಾರೆ. ಹೋಗುವಾಗ ಇಸ್ತ್ರಿ ಮಾಡಿದ ಅಂಗಿ. ಮುಂದಿನ ವಾರ ಇನ್ನೊಂದು ಕಂಪನಿಗೆ ಇನ್ನೆರಡು ಪ್ರತಿ ತೆಗೆಸಲು ಬಂದಾಗ ಬಾಡಿದ ಮುಖ. ಏನು ಕೇಳಿದರಪ್ಪ ಎಂದರೆ ಹೇಳುತ್ತಾರೆ. ವರ್ಷಗಟ್ಟಲೆ ಕೇಳಿಸಿಕೊಂಡು, ಅವರು ತಂದುಕೊಟ್ಟ ಲೇಖನಗಳನ್ನೂ ಓದಿಸಿಕೊಂಡು ಬರೆಯುತ್ತಿದ್ದೇನೆ. ಅದೂ ಅಲ್ಲದೆ, ಕೈಕೆಲಸದವನನ್ನು ಆರಿಸುವುದು ಹೇಗೆಂದು ತಿಳಿಯಲು ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ ಸ್ವಾಮಿ. ಪ್ರೆಸ್ಸಿನವನಿಗೆ ಅದು ದಿನನಿತ್ಯದ ಮಾತು.

ನಮ್ಮಪ್ಪನ ಕಾಲದಲ್ಲಿ ಮೊಳೆ ಜೋಡಿಸುವ ಕೆಲಸ. ಕಂಪೋಸಿಟರ್ ಕೆಲಸ ಕೇಳಿಕೊಂಡು ಬಂದವನನ್ನು ಅಪ್ಪ ಹೆಚ್ಚು ಮಾತಾಡಿಸುತ್ತಿರಲಿಲ್ಲ. ಸ್ಟಿಕ್ಕು ಕೈಗೆ ಕೊಟ್ಟು, ಹಸ್ತಪ್ರತಿಯ ಒಂದು ಪುಟ ಮುಂದಿಟ್ಟು, "ಹತ್ತು ಸಾಲು ಜೋಡಿಸಪ್ಪ" ಎಂದು ಹೇಳಿ ಕಾಫಿ ಕುಡಿಯಲು ಹೊರಗೆ ಹೋಗಿಬಿಡುತ್ತಿದ್ದರು. ವಾಪಸು ಬಂದು ಮೊದಲು ನೋಡುತ್ತಿದ್ದುದು ಆ ಹತ್ತು ಸಾಲುಗಳನ್ನಲ್ಲ, ಕೇಸನ್ನು. ಬೇಡವಾದ ಮೊಳೆಗಳನ್ನು ಸರಿಯಾದ ಮನೆಗೆ ವಾಪಸು ಹಾಕಿದ್ದಾನೆಯೇ? ಕ ವತ್ತು ಗ ವತ್ತಿನ ಮನೆಗೆ ಬಿದ್ದಿದೆಯೇ? ಏಕೆಂದರೆ ಇವತ್ತು ಇವನು ಮಾಡಿದ ಗಲೀಜನ್ನು ನಾಳೆ ಇನ್ನೊಬ್ಬ ತೊಳೆಯಬೇಕು. ಆಮೇಲೆ ಕರಡು ತೆಗೆದು ಎಷ್ಟು ತಪ್ಪಿದೆ ಎಂದು ನೋಡುವುದು. ಕಡೆಗೆ ಬೇಕೆಂದೇ ಒಂದು ಸಾಲು ತಿದ್ದಿಸುವುದು. ಅರ್ಧ ಗಂಟೆಯಲ್ಲಿ ಆಳು ಎಂಥವನೆಂದು ತಿಳಿದು ಹೋಗುತ್ತಿತ್ತು. ಐ.ಟಿ.ಐ.ಗಳಲ್ಲಿ ಫಿಟ್ಟರ್, ಟರ್ನರ್ ಹುಡುಗರಿಗೆ ಇಂದಿಗೂ ನಡೆಯುವ ಟ್ರೇಡ್ ಟೆಸ್ಟಿನ ಪ್ರಾಕ್ಟಿಕಲ್ ಇದೇ ದಾರಿಯದು. ಕಬ್ಬಿಣದ ತುಂಡು, ಅರ, ನಕ್ಷೆ. ಮಾಡಿ ತೋರಿಸು, ಅಳತೆ ಹಿಡಿದು ನೋಡುತ್ತೇನೆ.

ಅಪ್ಪ ಕಾಫಿಗೆ ಎದ್ದು ಹೋಗುತ್ತಿದ್ದರಲ್ಲ, ಅದು ಬರೀ ಕಾಫಿಯ ಚಟವಲ್ಲ ಎಂಬುದಕ್ಕೆ ಈಗ ಅಮೆರಿಕದ ವಿದ್ವಾಂಸರ ಸರ್ಟಿಫಿಕೇಟೂ ಸಿಕ್ಕಿದೆ! 2020ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್ ಕಂಪನಿಯ ಸಂಶೋಧಕರು ಕಂಪ್ಯೂಟರ್ ಓದುವ 48 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಒಂದೇ ಲೆಕ್ಕ. ಒಂದು ಗುಂಪಿನವರು ಪರೀಕ್ಷಕನ ಕಣ್ಣೆದುರಿಗೆ, ಬಾಯಲ್ಲಿ ವಿವರಿಸುತ್ತಾ ಬರೆಯಬೇಕು. ಇನ್ನೊಂದು ಗುಂಪಿನವರನ್ನು ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಬಾಗಿಲು ಹಾಕಿದರು. ಕಣ್ಣೆದುರಿಗೆ ಬರೆದವರ ಸಾಧನೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಆ ಗುಂಪಿನ ಹೆಣ್ಣುಮಕ್ಕಳಲ್ಲಿ ಒಬ್ಬಳೂ ಪಾಸಾಗಲಿಲ್ಲ. ಒಂಟಿಯಾಗಿ ಬಿಟ್ಟ ಹೆಣ್ಣುಮಕ್ಕಳಲ್ಲಿ ಎಲ್ಲರೂ ಪಾಸು! 48 ಸಣ್ಣ ಸಂಖ್ಯೆ, ಒಪ್ಪೋಣ. ಆದರೂ ಈ ಸಂದರ್ಶನಗಳು ಅಳೆಯುತ್ತಿರುವುದು ಬುದ್ಧಿಯನ್ನಲ್ಲ, ಹೆದರದೆ ನಿಲ್ಲುವ ಗುಂಡಿಗೆಯನ್ನು ಎಂಬ ಅನುಮಾನ ಬರಲು ಇಷ್ಟು ಸಾಲದೇ?

ಈ ಒಗಟಿನ ರೋಗ ಹತ್ತಿದ್ದೂ ಅಮೆರಿಕದಿಂದಲೇ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿದೆ, ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತದೆ, ಇಂಥವು. ಇಂಥ ಪ್ರಶ್ನೆಗಳಿಗೆ ಹೆಸರಾಗಿದ್ದ ಗೂಗಲ್ ಕಂಪನಿಯ ಸಿಬ್ಬಂದಿ ಮುಖ್ಯಸ್ಥ ಲಾಸ್ಲೋ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಏನು ಹೇಳಿದರು ಗೊತ್ತೇ? ಈ ಒಗಟುಗಳು ಶುದ್ಧ ಕಾಲಹರಣ, ಅವುಗಳಿಂದ ಯಾರು ಒಳ್ಳೆಯ ಕೆಲಸಗಾರರೆಂದು ಗೊತ್ತಾಗುವುದಿಲ್ಲ, ಕೇಳುವವನಿಗೆ ತಾನು ಜಾಣನೆಂದು ಅನ್ನಿಸುತ್ತದೆ ಅಷ್ಟೇ ಎಂದು. ಒಗಟು ಹೋಯಿತು, ಅದರ ಜಾಗಕ್ಕೆ 'ಟ್ರೀ ಉಲ್ಟಾ ಮಾಡು', 'ಲಿಂಕ್ಡ್ ಲಿಸ್ಟ್ ತಿರುಗಿಸು' ಎಂಬ ಬಾಯಿಪಾಠ ಬಂತು. 2015ರಲ್ಲಿ ಮ್ಯಾಕ್ಸ್ ಹೊವೆಲ್ ಎಂಬಾತ ಗೂಗಲ್ ಸಂದರ್ಶನದಲ್ಲಿ ಫೇಲಾಗಿ ಬಂದು ಬಹಿರಂಗವಾಗಿ ಗೋಳಾಡಿದ. ಅವನು ಬರೆದ ಹೋಮ್‌ಬ್ರೂ ಎಂಬ ತಂತ್ರಾಂಶವನ್ನು ಆ ಕಂಪನಿಯ ಇಂಜಿನಿಯರುಗಳೇ ಬಹುಪಾಲು ಬಳಸುತ್ತಿದ್ದರಂತೆ. ಆದರೆ ಹಲಗೆಯ ಮೇಲೆ ಟ್ರೀ ತಿರುಗಿಸಲು ಬರಲಿಲ್ಲವೆಂದು ಅವನಿಗೆ ಬಾಗಿಲು ಮುಚ್ಚಿತು. ಊರಿಗೆಲ್ಲ ಊಟ ಹಾಕಿದ ಭಟ್ಟನಿಗೆ ಪಾಕಶಾಸ್ತ್ರದ ಶ್ಲೋಕ ಬರಲಿಲ್ಲವೆಂದು ಅಡುಗೆಮನೆಯಿಂದ ಆಚೆ ಹಾಕಿದಂತೆ!

ಅಲ್ಲಿಯ ರೋಗ ಅಲ್ಲಿಗೇ ಇರಲಿ ಎನ್ನಲು ಆಗುವುದಿಲ್ಲ. ಇಲ್ಲಿಯೂ ಅದೇ ಪದ್ಧತಿ, ಮೇಲೆ ಇಂಗ್ಲಿಷಿನ ಮಣಭಾರ ಬೇರೆ.

ಶಿರಾ ಕಡೆಯ ಒಬ್ಬ ಹುಡುಗ. ಹೆಸರು ಬೇಡ. ಹತ್ತನೆಯ ತರಗತಿವರೆಗೆ ಸರ್ಕಾರಿ ಕನ್ನಡ ಶಾಲೆ, ಆಮೇಲೆ ಡಿಪ್ಲೊಮಾ, ಆಮೇಲೆ ಇಂಜಿನಿಯರಿಂಗ್. ಕೆಲಸವಿಲ್ಲದ ಆರು ತಿಂಗಳು ನಮ್ಮ ಬೀದಿಯಲ್ಲೇ ಇದ್ದ. ಸುಮ್ಮನೆ ಕೂರಲಾರದೆ ನನ್ನ ಪ್ರೆಸ್ಸಿಗೆ ಒಂದು ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟ. ಕಾಗದದ ಲೆಕ್ಕ, ಗಿರಾಕಿಯ ಬಾಕಿ, ಕನ್ನಡದಲ್ಲೇ ರಸೀದಿ. ಇವತ್ತಿಗೂ ಅದೇ ಓಡುತ್ತಿದೆ, ಒಂದು ದಿನ ಕೈಕೊಟ್ಟಿಲ್ಲ. ಈ ಹುಡುಗನಿಗೆ ಒಂದು ದೊಡ್ಡ ಕಂಪನಿಯಲ್ಲಿ ಆದದ್ದೇನು? ಬರೆದ ಪ್ರೋಗ್ರಾಂ ತೋರಿಸುತ್ತೇನೆ ಎಂದರೆ ಬೇಡವೆಂದರು. ಹಲಗೆಯ ಮುಂದೆ ನಿಲ್ಲಿಸಿದರು. ಉತ್ತರ ತಲೆಯಲ್ಲಿದೆ, ಕೈಗೂ ಬರುತ್ತದೆ. ಆದರೆ ಕೈ ಬರೆಯುವಾಗ ಬಾಯಿ ಇಂಗ್ಲಿಷಿನಲ್ಲಿ ಓಡಬೇಕು. ಎರಡೂ ಒಟ್ಟಿಗೆ ಓಡಲಿಲ್ಲ. 'ಕಮ್ಯುನಿಕೇಷನ್ ಸಾಲದು' ಎಂದು ಷರಾ ಬರೆದು ಕಳಿಸಿದರು. ಅವನೀಗ ಯಶವಂತಪುರದ ಒಂದು ಸಣ್ಣ ಕಂಪನಿಯಲ್ಲಿದ್ದಾನೆ. ಅಲ್ಲಿಯ ಮಾಲೀಕ ಮಾಡಿದ್ದಿಷ್ಟೇ: ಒಂದು ಕಂಪ್ಯೂಟರ್ ಮುಂದೆ ಕೂರಿಸಿ, ಕೆಟ್ಟು ನಿಂತಿದ್ದ ಒಂದು ಪ್ರೋಗ್ರಾಂ ಕೊಟ್ಟು, "ಇದನ್ನು ಸರಿಮಾಡು, ಊಟಕ್ಕೆ ಹೋಗಿ ಬರುತ್ತೇನೆ" ಎಂದ. ನಮ್ಮಪ್ಪನ ತಳಿಯ ಮನುಷ್ಯ ಇರಬೇಕು.

ಕನ್ನಡ ಶಾಲೆಯಲ್ಲಿ ಕಲಿತ ಮಗು ಲೆಕ್ಕ ಮಾಡುವುದು ಕನ್ನಡದಲ್ಲಿ. ಮಗ್ಗಿ ಕನ್ನಡದಲ್ಲಿ, ತರ್ಕ ಕನ್ನಡದಲ್ಲಿ. ಅದನ್ನು ಅಲ್ಲಿಂದಲ್ಲೇ ಇಂಗ್ಲಿಷಿಗೆ ತರ್ಜುಮೆ ಮಾಡಿ ಒಪ್ಪಿಸು ಎಂದರೆ ನೀವು ಕೊಡುತ್ತಿರುವುದು ಎರಡು ಪರೀಕ್ಷೆ. ಪಕ್ಕದ ಕುರ್ಚಿಯ ಕಾನ್ವೆಂಟ್ ಹುಡುಗನಿಗೆ ಒಂದೇ ಪರೀಕ್ಷೆ. ಅಂಕ ಮಾತ್ರ ಇಬ್ಬರಿಗೂ ಒಂದೇ ಪಟ್ಟಿಯಲ್ಲಿ! ಇದು ಯಾವ ಸೀಮೆ ನ್ಯಾಯ?

ಇಂಗ್ಲಿಷ್ ಬೇಡವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಪ್ರೋಗ್ರಾಮಿನ ಭಾಷೆಗಳ ಪದಗಳು ಇಂಗ್ಲಿಷಿನವು, ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ಗಿರಾಕಿ ಪರದೇಶದವನು. ಹಾಗಾದರೆ ಕೆಲಸಕ್ಕೆ ಎಷ್ಟು ಇಂಗ್ಲಿಷ್ ಬೇಕೋ ಅಷ್ಟನ್ನು ನೇರವಾಗಿ ಪರೀಕ್ಷಿಸಿ. ಕೈಪಿಡಿಯ ಒಂದು ಪುಟ ಕೊಟ್ಟು ಓದಿಸಿ. ಅರ್ಥವಾಯಿತೇ ಎಂದು ಕೇಳಿ, ಕನ್ನಡದಲ್ಲೇ ಹೇಳಲಿ. ಗಿರಾಕಿಗೆ ಒಂದು ಪತ್ರ ಬರೆಯಿಸಿ, ನಾಲ್ಕು ಸಾಲು ಸಾಕು. ಓದಿ ತಿಳಿಯುತ್ತಾನೆ, ಬರೆದು ತಿಳಿಸುತ್ತಾನೆ ಎಂದಾದ ಮೇಲೆ ನಾಲಿಗೆ ಹೊರಳುವ ಚೆಂದಕ್ಕೆ ಏಕೆ ಅಂಕ? ಪರದೇಶದ ಗಿರಾಕಿಯ ಜೊತೆ ದಿನವೂ ಫೋನಿನಲ್ಲಿ ಮಾತಾಡುವ ಹುದ್ದೆಯಾದರೆ ಆ ಮಾತು ಬೇರೆ. ಅದನ್ನು ಜಾಹೀರಾತಿನಲ್ಲೇ ಹೇಳಿ. ಒಳಗೆ ಕೂತು ಕೋಡ್ ಬರೆಯುವವನಿಗೆ ರೇಡಿಯೋ ಉದ್ಘೋಷಕನ ಪರೀಕ್ಷೆ ಬೇಡ.

ಹಾಗಾದರೆ ಏನು ಕೇಳಬೇಕು? ನನ್ನ ಕಸುಬಿನಿಂದಲೇ ಒಂದು ಲೆಕ್ಕ ಕೊಡುತ್ತೇನೆ, ಬೇಕಾದ ಕಂಪನಿ ಬಳಸಿಕೊಳ್ಳಲಿ. ಡೆಮ್ಮಿ 1/8 ಆಕಾರದ ಪುಸ್ತಕ. ಒಂದು ಹಾಳೆಯ ಎರಡೂ ಮುಖ ಸೇರಿ 16 ಪುಟ. ಒಂದು ರೀಮಿಗೆ 500 ಹಾಳೆ. 160 ಪುಟದ ಪುಸ್ತಕ 1000 ಪ್ರತಿ ಬೇಕು, ಎಷ್ಟು ರೀಮು ಕಾಗದ ತರಿಸಬೇಕೆಂದು ಹೇಳುವ ಪ್ರೋಗ್ರಾಂ ಬರೆ. ಪ್ರತಿಗೆ 10 ಹಾಳೆ, ಒಟ್ಟು 10,000 ಹಾಳೆ, 20 ರೀಮು. ಪ್ರೈಮರಿ ಶಾಲೆಯ ಭಾಗಾಕಾರ. ಆದರೆ ಇಲ್ಲಿಂದ ಮುಂದೆ ನೋಡಿ ಮಜಾ. ಹುಡುಗ "ಸಾರ್, ವೇಸ್ಟೇಜ್ ಎಷ್ಟು ಹಿಡಿಯಲಿ?" ಎಂದು ಕೇಳುತ್ತಾನೋ ಇಲ್ಲವೋ? ಕೇಳಿದರೆ ಅರ್ಧ ಪಾಸು. ಏಕೆಂದರೆ ಮೆಷಿನ್ನಿಗೆ ಹತ್ತಿಸಿದ ಹಾಳೆಯೆಲ್ಲ ಪುಸ್ತಕವಾಗುವುದಿಲ್ಲ ಎಂಬ ಲೋಕಜ್ಞಾನ ಅವನಿಗಿದೆ. 168 ಪುಟವಾದರೆ ಹತ್ತೂವರೆ ಹಾಳೆ, ಅದನ್ನು ಏನು ಮಾಡುತ್ತಾನೆ? 170 ಪುಟವಾದರೆ? ಪ್ರತಿಯ ಜಾಗದಲ್ಲಿ ಯಾರೋ ಸೊನ್ನೆ ಒತ್ತಿದರೆ ಪ್ರೋಗ್ರಾಂ ಮುಗ್ಗರಿಸುತ್ತದೋ, ಮರ್ಯಾದೆಯಿಂದ ತಿರುಗಿ ಕೇಳುತ್ತದೋ? ಕವರ್ ಪೇಜಿನ ಕಾಗದ ಬೇರೆ ಎಂದರೆ ಬರೆದದ್ದನ್ನೆಲ್ಲ ಕಿತ್ತು ಹಾಕುತ್ತಾನೋ, ಎರಡು ಸಾಲು ಸೇರಿಸುತ್ತಾನೋ? ಒಂದು ಗಂಟೆಯಲ್ಲಿ ಇಷ್ಟೂ ತಿಳಿಯುತ್ತದೆ. ಇದಕ್ಕೆ ಯಾವ ಪುಸ್ತಕವನ್ನೂ ಬಾಯಿಪಾಠ ಮಾಡಿ ಬರಬೇಕಿಲ್ಲ.

ಇನ್ನೊಂದು ಕೇಳಿ. ಎಲ್ಲ ಕಂಪನಿಯವರೂ ಕೇಳುವ ಸವಕಲು ಪ್ರಶ್ನೆ, ಒಂದು ಪದವನ್ನು ಹಿಂದುಮುಂದು ಮಾಡುವ ಪ್ರೋಗ್ರಾಂ ಬರೆ ಎಂಬುದು. ಇಂಗ್ಲಿಷ್ ಪದವಾದರೆ ಒಂದು ಸಾಲಿನ ಕೆಲಸ, ಗಿಳಿಪಾಠ. ಅದನ್ನೇ 'ಬೆಂಗಳೂರು' ಎಂಬ ಪದಕ್ಕೆ ಮಾಡಿಸಿ ನೋಡಿ! ನಮ್ಮ ಕಣ್ಣಿಗೆ ಬೆಂ, ಗ, ಳೂ, ರು, ನಾಲ್ಕು ಅಕ್ಷರ. ಕಂಪ್ಯೂಟರನ್ನು ಕೇಳಿದರೆ ಎಂಟು ಎನ್ನುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಬ ಒಂದು, ಎತ್ವ ಒಂದು, ಸೊನ್ನೆ ಒಂದು, ಗ ಒಂದು, ಹೀಗೆ ಕಾಗುಣಿತದ ಗುರುತುಗಳಿಗೂ ಪ್ರತ್ಯೇಕ ಸಂಖ್ಯೆ. ಗಿಳಿಪಾಠದ ಪ್ರೋಗ್ರಾಂ ಆ ಎಂಟನ್ನು ಕಣ್ಣುಮುಚ್ಚಿ ತಿರುಗಿಸಿದರೆ ಮೊದಲಿಗೆ ಬಂದು ಕೂರುವುದು ರು ಅಲ್ಲ, ಒಡೆಯನಿಲ್ಲದ ಕೊಂಬು! ಎತ್ವ ಒಂದು ಕಡೆ, ಅದನ್ನು ಹೊರಬೇಕಾದ ಬ ಇನ್ನೊಂದು ಕಡೆ. 'ರಾಷ್ಟ್ರ' ಎಂಬ ಎರಡಕ್ಷರದ ಪದದೊಳಗೆ ಏಳು ಸಂಖ್ಯೆಗಳು ಕೂತಿವೆ. ಇದನ್ನು ಸರಿಯಾಗಿ ತಿರುಗಿಸಲು ಅಕ್ಷರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಮೊದಲು ಯೋಚಿಸಬೇಕು. ನಿಜವಾದ ಪ್ರೋಗ್ರಾಮರ್ ಯಾರೆಂದು ಅಲ್ಲಿ ಗೊತ್ತಾಗುತ್ತದೆ. ಮೊಳೆ ಜೋಡಿಸಿದ ನಮಗೆ ಒತ್ತಕ್ಷರದ ಪಾಡು ಮೊದಲೇ ಗೊತ್ತಿತ್ತು ಬಿಡಿ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿದ್ದು, 1998ರಲ್ಲಿ ಶೇಷಾದ್ರಿವಾಸು ಅವರು ಬರಹ ತಂತ್ರಾಂಶ ಹೊರತಂದದ್ದು ಇಂಥ ಪಾಡನ್ನೇ ಬಿಡಿಸಿ. ಅವರ ದುಡಿಮೆಯಿಂದ ನಾಡಿನ ಎಷ್ಟು ಡಿ.ಟಿ.ಪಿ. ಅಂಗಡಿಗಳ ಒಲೆ ಉರಿಯಿತು! ಕನ್ನಡ ಬಲ್ಲ ಹುಡುಗನಿಗೆ ಕನ್ನಡವೇ ಒಂದು ಬಂಡವಾಳವಾಗುವ ಪ್ರಶ್ನೆ ಇದು. ನಾಡಿನ ಯಾವ ಕಂಪನಿಯೂ ಕೇಳಬಹುದು, ಕಾಸು ಖರ್ಚಿಲ್ಲ.

ಬರೆಯಲು ಬರುತ್ತದೆ, ತಿದ್ದಲು ಬರುತ್ತದೆಯೇ? ಸಾಫ್ಟ್‌ವೇರಿನವರ ದಿನದ ಬಹುಭಾಗ ಹೋಗುವುದು ಇನ್ನೊಬ್ಬರು ಬರೆದದ್ದನ್ನು ಓದಿ ತಿದ್ದುವುದರಲ್ಲಿ ಎಂದು ಹುಡುಗರೇ ಹೇಳುತ್ತಾರೆ. ಪ್ರೂಫ್ ರೀಡರ್ ಬೇಕಾದಾಗ ನಾವು ತಪ್ಪಿರುವ ಗ್ಯಾಲಿ ಕೊಟ್ಟು ನೋಡುವುದಿಲ್ಲವೇ, ಹಾಗೆ ನೂರು ಸಾಲಿನ ಪ್ರೋಗ್ರಾಮಿನಲ್ಲಿ ಮೂರು ತಪ್ಪು ಅಡಗಿಸಿ ಕೊಡಿ. ಮೂರನ್ನೂ ಹಿಡಿದವನಿಗಿಂತ, ಎರಡನ್ನು ಹಿಡಿದು ಅವು ಏಕೆ ತಪ್ಪೆಂದು ತಿಳಿಸಿ ಹೇಳಿದವನು ಕೆಲವೊಮ್ಮೆ ಹೆಚ್ಚು ಬಾಳುತ್ತಾನೆ.

ಈಗ ಅಂಕ ಹಾಕುವವರ ವಿಷಯ. ಇಲ್ಲೇ ಇರುವುದು ನಿಜವಾದ ಕಳ್ಳಗಿಂಡಿ. ಒಬ್ಬನಿಗೆ ಸುಲಭದ ಪ್ರಶ್ನೆ, ಇನ್ನೊಬ್ಬನಿಗೆ ಕಠಿಣ. ಒಬ್ಬನ ಜೊತೆ ಕ್ರಿಕೆಟ್ ಮಾತಾಡಿ ಹತ್ತು ನಿಮಿಷ ನಗು, ಇನ್ನೊಬ್ಬನಿಗೆ ಮುಖ ಗಂಟು. ಕಡೆಗೆ 'ನಮ್ಮ ಟೀಮಿಗೆ ಹೊಂದುತ್ತಾನೆ' ಎಂಬ ಒಂದು ಮಾತು! ಹೊಂದುತ್ತಾನೆ ಎಂದರೇನು ಸ್ವಾಮಿ? ನಿಮ್ಮ ಹಾಗೆಯೇ ಮಾತಾಡುತ್ತಾನೆ, ನಿಮ್ಮಂಥ ಕಾಲೇಜಿನವನು, ನಿಮ್ಮ ಕಡೆಯವನು ಎಂದೇ? ಉದ್ಯೋಗಕ್ಕೆ ಜನರನ್ನು ಆರಿಸುವ ವಿಧಾನಗಳ ಮೇಲೆ 85 ವರ್ಷ ನಡೆದ ಸಂಶೋಧನೆಗಳನ್ನು ಒಟ್ಟುಹಾಕಿ ಷ್ಮಿಟ್ ಮತ್ತು ಹಂಟರ್ ಎಂಬ ವಿದ್ವಾಂಸರು 1998ರಲ್ಲಿ ಪ್ರಕಟಿಸಿದರು. ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವ ಪರೀಕ್ಷೆ ಅದರಲ್ಲಿ ಮೇಲಿನ ಸ್ಥಾನದಲ್ಲಿತ್ತು. ಎಷ್ಟು ವರ್ಷ ಓದಿದ್ದಾನೆ ಎಂಬುದು ಬಹಳ ಕೆಳಗೆ. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನೇ ಮತ್ತೆ ಮಾಡಿ ಅಂಕಿಗಳನ್ನು ಇಳಿಸಿದರು. ಆಗ ಮೊದಲಿಗೆ ಬಂದು ನಿಂತದ್ದು ಕ್ರಮಬದ್ಧ ಸಂದರ್ಶನ, ಅಂದರೆ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಸಮಯ, ಮೊದಲೇ ಬರೆದಿಟ್ಟ ಅಂಕಪಟ್ಟಿ. ಕೆಲಸ ಮಾಡಿಸಿ ನೋಡುವುದು ಆಗಲೂ ಮುಂಚೂಣಿಯಲ್ಲೇ ಉಳಿಯಿತು. ಬಾಯಿಗೆ ಬಂದದ್ದು ಕೇಳುವ ಹರಟೆ ಸಂದರ್ಶನ ಎರಡು ಲೆಕ್ಕದಲ್ಲೂ ಹಿಂದೆ.

ಆದ್ದರಿಂದ ಪ್ರಶ್ನೆಗೆ ಮೊದಲು ಅಂಕಪಟ್ಟಿ ಬರೆಯಿರಿ. ಪ್ರೋಗ್ರಾಂ ಓಡಿತೇ, ಇಷ್ಟು. ವಿಚಿತ್ರ ಸಂದರ್ಭಗಳನ್ನು ಯೋಚಿಸಿದನೇ, ಇಷ್ಟು. ಇನ್ನೊಬ್ಬರು ಓದುವಂತೆ ಬರೆದನೇ, ಇಷ್ಟು. ಇಬ್ಬರು ಪರೀಕ್ಷಕರು ಬೇರೆ ಬೇರೆ ಅಂಕ ಹಾಕಿ, ಆಮೇಲೆ ಬಾಯಿ ಬಿಡಲಿ. ಇಲ್ಲದಿದ್ದರೆ ಮೇಲಧಿಕಾರಿಯ ಮೂಗಿನ ನೇರಕ್ಕೆ ಕಿರಿಯನ ಅಂಕ ಹೊರಳುತ್ತದೆ. ಮತ್ತೆ ಅಪ್ಪ ಏನು ಮಾಡುತ್ತಾರೆ, ಯಾವ ಜನ, ಹುಡುಗಿಯಾದರೆ ಮದುವೆ ಯಾವಾಗ, ಇವು ಯಾವ ಪ್ರೋಗ್ರಾಮಿಗೆ ಬೇಕು? ಬಾಯಿ ಮುಚ್ಚಿಕೊಂಡಿರಿ.

ಮನೆಗೆ ಕೆಲಸ ಕೊಟ್ಟು ಕಳಿಸುವ ಪದ್ಧತಿಯೂ ಒಂದಿದೆ. ಹೆದರುವ ಮಕ್ಕಳಿಗೆ ಅದು ವಾಸಿ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಮೂರು ಮೂರು ದಿನ ಹಿಡಿಯುವ ಕೆಲಸ ಕೊಟ್ಟು, ಹತ್ತು ಜನರಿಂದ ಬಿಟ್ಟಿ ದುಡಿಸಿಕೊಂಡು, ಒಬ್ಬನಿಗೂ ಉತ್ತರ ಬರೆಯದ ಪುಣ್ಯಾತ್ಮರಿದ್ದಾರೆ. ಪಿ.ಜಿ. ಕೋಣೆಯಲ್ಲಿ ಮೂವರ ಗಲಾಟೆ ನಡುವೆ, ಗೆಳೆಯನ ಲ್ಯಾಪ್‌ಟಾಪ್ ಎರವಲು ಪಡೆದು ಮಾಡುವವನಿಗೂ ಸ್ವಂತ ಕೋಣೆಯವನಿಗೂ ವ್ಯತ್ಯಾಸವಿಲ್ಲವೇ? ಜೊತೆಗೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆದದ್ದು ಯಾರು, ಹುಡುಗನೋ ಯಂತ್ರವೋ ಎಂಬ ಅನುಮಾನ. ಅದಕ್ಕೂ ಅಪ್ಪನ ಹಳೆಯ ಮದ್ದೇ ಸಾಕು: ಒಂದು ಸಾಲು ತಿದ್ದಿಸಿ. ತಾನೇ ಬರೆದವನು ಎಲ್ಲಿ ಕೈಹಾಕಬೇಕೆಂದು ತಟ್ಟನೆ ಹುಡುಕುತ್ತಾನೆ. ಎರವಲು ತಂದವನು ಮೊದಲಿನಿಂದ ಓದಲು ಶುರುಮಾಡುತ್ತಾನೆ. ಕೆಲಸಕ್ಕೆ ಸೇರಿದ ಮೇಲೆ ಯಂತ್ರದ ನೆರವು ಪಡೆಯಲು ನೀವೇ ಹೇಳುವುದಾದರೆ ಪರೀಕ್ಷೆಯಲ್ಲೂ ಕೊಡಿ. ಯಂತ್ರ ಕೊಟ್ಟ ಉತ್ತರದಲ್ಲಿ ತಪ್ಪು ಹಿಡಿಯುತ್ತಾನೆಯೇ ನೋಡಿ. ಹಳ್ಳಿಯಿಂದ ವಿಡಿಯೋದಲ್ಲಿ ಕೂತವನಿಗೆ ಕರೆಂಟು ಹೋದರೆ ಅದನ್ನು ಕಳ್ಳಾಟ ಎಂದು ಬರೆದುಕೊಳ್ಳದೆ ಇನ್ನೊಂದು ದಿನ ಕೊಡಿ.

ಹೊಸಬರನ್ನು ತಿಂಗಳುಗಟ್ಟಲೆ ತರಬೇತಿ ಕೊಟ್ಟೇ ಕೆಲಸಕ್ಕೆ ಹಚ್ಚುವ ದೊಡ್ಡ ಕಂಪನಿಗಳಿವೆ. ಇನ್ಫೋಸಿಸ್‌ನವರು ಮೈಸೂರಿನಲ್ಲಿ ಅದಕ್ಕೆಂದೇ ಒಂದು ಊರನ್ನೇ ಕಟ್ಟಿಕೊಂಡಿದ್ದಾರೆ. ಕಲಿಸಲು ಬರುವುದನ್ನು ಸಂದರ್ಶನದಲ್ಲೇಕೆ ಜಗ್ಗಬೇಕು? ಕಲಿಯುವ ಗುಣ ಇದೆಯೇ ಎಂದು ನೋಡಿ. ಗೊತ್ತಿಲ್ಲದ ಒಂದು ಸಣ್ಣ ಸಂಗತಿಯನ್ನು ಹದಿನೈದು ನಿಮಿಷ ಕಲಿಸಿ, ಕೂಡಲೇ ಅದರ ಮೇಲೆ ಒಂದು ಕೆಲಸ ಕೊಡಿ.

ಇಷ್ಟನ್ನೂ ನಾನು ಹೇಳುತ್ತಿರುವುದು ಯಾರೋ ಪರಊರಿನ ಸಾಹೇಬರಿಗಲ್ಲ. ಈ ಪತ್ರಿಕೆ ಅವರ ಮೇಜಿಗೆ ಹೋಗುವುದೂ ಇಲ್ಲ. ಸಂದರ್ಶನದ ಕುರ್ಚಿಯಲ್ಲಿ ಕೂತಿರುವ ಕನ್ನಡಿಗನೇ, ಹೇಳುತ್ತಿರುವುದು ನಿನಗೆ! 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ನಾಲ್ಕು ದಶಕ ದಾಟಿತು. ಒಳಗೆ ನಮ್ಮವರೇ ಇಲ್ಲ ಎನ್ನುವ ಕಾಲ ಇದಲ್ಲ. ನೀನು ಹಾಸನದವನು, ಎದುರಿಗೆ ಬೆವರುತ್ತಾ ನಿಂತಿರುವವನು ಅರಕಲಗೂಡಿನವನು. ಇಬ್ಬರಿಗೂ ಗೊತ್ತು ಇಬ್ಬರಿಗೂ ಕನ್ನಡ ಬರುತ್ತದೆಂದು. ಆದರೂ ನಲವತ್ತೈದು ನಿಮಿಷ ಇಬ್ಬರೂ ನಾಟಕದ ಪಾತ್ರಗಳಂತೆ ಪರಭಾಷೆಯಲ್ಲಿ ಮಾತಾಡಿಕೊಂಡು ಎದ್ದು ಬರುತ್ತೀರಿ. ಅವನು ತಡವರಿಸಿದಾಗ "ಕನ್ನಡದಲ್ಲಿ ಹೇಳಪ್ಪ, ಪರವಾಗಿಲ್ಲ" ಎನ್ನಲು ನಿನ್ನ ಗಂಟೇನು ಹೋಗುತ್ತದೆ? ಯಾವ ಕಂಪನಿಯ ಯಾವ ರೂಲು ಅದನ್ನು ತಡೆಯುತ್ತದೆ? ಪಕ್ಕದಲ್ಲಿ ಕೂತ ಕನ್ನಡ ಬಾರದ ಸಹೋದ್ಯೋಗಿಗೆ ಎರಡು ಮಾತಿನಲ್ಲಿ ನೀನೇ ಅನುವಾದಿಸು. ತಮಿಳು ಹುಡುಗನಿಗೆ ತಮಿಳು ಬಲ್ಲವನು, ಬಿಹಾರದವನಿಗೆ ಹಿಂದಿ ಬಲ್ಲವನು ಹಾಗೆಯೇ ಮಾಡಲಿ, ನಮ್ಮ ತಕರಾರಿಲ್ಲ. ತೂಗುವ ತಕ್ಕಡಿ ಎಲ್ಲರಿಗೂ ಒಂದೇ ಇರಲಿ. ನಮ್ಮ ಮಕ್ಕಳು ಆ ತಕ್ಕಡಿಯಲ್ಲಿ ತೂಗಿಯೇ ಗೆಲ್ಲುತ್ತಾರೆ.

ಕಾನೂನು ಬರಲಿ ಎಂದು ಕಾಯುವವರಿದ್ದಾರೆ. ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಬೊಬ್ಬೆ ಹಾಕಿದರು, ಎರಡು ಮೂರು ದಿನಗಳಲ್ಲೇ ಅದನ್ನು ತಡೆಹಿಡಿಯಲಾಯಿತು. ಆ ಹೋರಾಟ ಅದರ ಪಾಡಿಗೆ ನಡೆಯಲಿ. 2021ರಿಂದ ಕನ್ನಡದಲ್ಲೇ ಇಂಜಿನಿಯರಿಂಗ್ ಕಲಿಸಲು ಎ.ಐ.ಸಿ.ಟಿ.ಇ. ಒಪ್ಪಿಗೆಯೂ ಸಿಕ್ಕಿದೆ. ಆದರೆ ಕನ್ನಡದಲ್ಲಿ ಓದಿದರೆ ಸಂದರ್ಶನದಲ್ಲಿ ಸಾಯಬೇಕಲ್ಲ ಎಂಬ ಭಯವಿದ್ದರೆ ಯಾವ ತಂದೆ ಮಗನನ್ನು ಸೇರಿಸುತ್ತಾನೆ? ಸಂದರ್ಶನದ ಕೋಣೆಯ ಪದ್ಧತಿ ಬದಲಿಸಲು ವಿಧಾನಸೌಧದ ಸಹಿ ಬೇಕಿಲ್ಲ. ಸೋಮವಾರ ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂರುವವನ ಮನಸ್ಸು ಸಾಕು.

ಸಂದರ್ಶನಕ್ಕೆ ಹೋಗುವ ಮಕ್ಕಳಿಗೂ ಒಂದು ಮಾತು. ಬರೆದ ಪ್ರೋಗ್ರಾಂ ಏನಿದ್ದರೂ, ಅಂಗಡಿಯ ಬಿಲ್ಲಿನದಾಗಲಿ, ಊರಿನ ಹಾಲಿನ ಡೈರಿಯ ಲೆಕ್ಕದ್ದಾಗಲಿ, ಬಯೋಡೇಟಾದ ಮೊದಲ ಸಾಲಿನಲ್ಲೇ ಹಾಕಿ. ಅದು ಏನು ಮಾಡುತ್ತದೆ, ಯಾರು ಬಳಸುತ್ತಿದ್ದಾರೆ ಎಂದು ಎರಡು ಸಾಲು ಬರೆಯಿರಿ. ಹವ್ಯಾಸ: ಸಂಗೀತ ಕೇಳುವುದು ಎಂಬುದನ್ನು ತೆಗೆದು ಹಾಕಿ, ಜಾಗ ದಂಡ. ಪ್ರಶ್ನೆ ಅರ್ಥವಾಗದಿದ್ದರೆ ತಿರುಗಿ ಕೇಳಿ. ತಡವರಿಸಿದರೆ "ಒಂದು ನಿಮಿಷ ಸುಮ್ಮನೆ ಯೋಚಿಸಲೇ, ಆಮೇಲೆ ಹೇಳುತ್ತೇನೆ" ಎಂದು ಧೈರ್ಯವಾಗಿ ಕೇಳಿ. "ಕನ್ನಡದಲ್ಲಿ ಹೇಳಬಹುದೇ?" ಎಂದೂ ಕೇಳಿ. ಇಲ್ಲ ಎಂದರೆ ಇಲ್ಲ, ಹತ್ತರಲ್ಲಿ ಇಬ್ಬರು ಹೂಂ ಎಂದಾರು.

ಕಂಪನಿಗಳಲ್ಲಿ ಸಂದರ್ಶನ ಮಾಡುವ ಕನ್ನಡ ಬಂಧುಗಳು ತಾವು ಕೊಡುವ ಒಳ್ಳೆಯ ಲೆಕ್ಕಗಳನ್ನು, ಅಂಕಪಟ್ಟಿಯ ಸಮೇತ, ಕನ್ನಡದಲ್ಲಿ ಬರೆದು ನಮಗೆ ಕಳಿಸಿ. ಕಂಪನಿಯ ಹೆಸರು ಬೇಡ, ನಿಮ್ಮ ಹೆಸರೂ ಬೇಡ. ಮುಂದಿನ ಸಂಚಿಕೆಯಿಂದ ಪುಟದ ಒಂದು ಮೂಲೆಯನ್ನು ಅದಕ್ಕೆಂದೇ ಬಿಡುತ್ತೇವೆ. ಮೊದಲನೆಯ ಲೆಕ್ಕ ಈ ಸಂಚಿಕೆಯಲ್ಲೇ ಇದೆ: 170 ಪುಟ, 1000 ಪ್ರತಿ, ಎಷ್ಟು ರೀಮು? ವೇಸ್ಟೇಜ್ ಎಷ್ಟೆಂದು ಕೇಳಿದವರ ಉತ್ತರವನ್ನು ಮೊದಲು ಅಚ್ಚು ಹಾಕುತ್ತೇವೆ.